ಸಿಳ್ಳೆಯ ತಂತಿ

ನನ್ನ ಅಣ್ಣನಿಗೆ ತಪ್ಪು ಹುಡುಕದಿದ್ದರೆ ತಿಂದದ್ದು ಅರಗುವುದಿಲ್ಲ. ಅವನು ಕಾರು ಮೆಕ್ಯಾನಿಕ್. ಸ್ಕ್ರೂಡ್ರೈವರಿನ ಒಂದು ತುದಿಯನ್ನು ಎಂಜಿನ್ನಿಗೆ, ಇನ್ನೊಂದನ್ನು ಕಿವಿಗೆ ಒತ್ತಿಕೊಂಡು ಯಾವ ಬೇರಿಂಗು ಸವೆದಿದೆ ಎಂದು ಹೇಳಿಬಿಡುತ್ತಿದ್ದ. ಆ ಕಿವಿಗಳೇ ಕೈಕೊಟ್ಟವು. ಉಳಿದ ಚೂರುಪಾರೂ ಹೆಚ್ಚು ಕಾಲ ಇರುವುದಿಲ್ಲ, ಕಿವಿಗೆ ಮಿಷನ್ ಹಾಕಿದರೂ ಪ್ರಯೋಜನವಿಲ್ಲ ಎಂದು ಡಾಕ್ಟರು ಹೇಳಿದ ದಿನ ಅವನು ನೇರವಾಗಿ ಹಿಂದಿನ ಕೋಣೆಗೆ ಹೋಗಿ, ಆಟಿಕೆ ರೈಲು ಓಡಿಸುತ್ತಾ ಕೂತ.

ಆ ಕೋಣೆಯಲ್ಲಿ, ಹಳೆಯ ಬಾಗಿಲಿನ ಹಲಗೆಯ ಮೇಲೆ ಅವನು ಒಂದು ಊರನ್ನೇ ಕಟ್ಟಿದ್ದ. ಸುತ್ತಲೂ ರೈಲು ಹಳಿ, ನಿಲ್ದಾಣ, ಗೇಟು, ಅಂಗೈಯಗಲದ ಗ್ಯಾರೇಜು, ಬಾಲ ಮುರಿದ ಒಂದು ನಾಯಿ. "ಎಲ್ಲಾ ಇದೆ, ಸದ್ದೇ ಇಲ್ಲ. ಮೂಗರ ಊರು" ಎಂದು ಯಾವಾಗಲೂ ಗೊಣಗುತ್ತಿದ್ದ.

ನನ್ನದು ರೇಡಿಯೋ ರಿಪೇರಿ ಅಂಗಡಿ. ಸಿಟ್ಟು ಮೂಗಿನ ತುದಿಯಲ್ಲೇ ಇರುವುದರಿಂದ ಅಣ್ಣ ನನ್ನನ್ನು ಕರೆಯುವುದೇ ಮೆಣಸಿನಕಾಯಿ ಎಂದು. ಡಾಕ್ಟರ ಮೇಲೆ, ದೇವರ ಮೇಲೆ, ಸಿಕ್ಕಸಿಕ್ಕವರ ಮೇಲೆ ಸಿಟ್ಟು ಮಾಡಿಕೊಂಡು ಸುಸ್ತಾದ ಮೇಲೆ ಒಂದು ಹಟ ಹಿಡಿದೆ. ಅವನ ಕಿವಿ ಪೂರ್ತಿ ಮುಚ್ಚುವುದರೊಳಗೆ ಆ ಊರಿಗೆ ಸದ್ದು ಬರಬೇಕು. ಅವನು ಒಂದು ಸಲ ಕೇಳಿದರೂ ಸಾಕು.

ಎಂಜಿನ್ನಿನ ಹೊಟ್ಟೆಗೆ ಪುಟ್ಟ ಅಯಸ್ಕಾಂತ ಅಂಟಿಸಿದೆ. ಹಳಿಯ ಕೆಳಗೆ ಅಲ್ಲಲ್ಲಿ ಸ್ವಿಚ್ಚು ಕೂರಿಸಿದೆ. ರೈಲು ಮೇಲೆ ಹಾದರೆ ಸ್ವಿಚ್ಚು ಕೂಡಿಕೊಳ್ಳುತ್ತದೆ, ಬೆಂಕಿಪೊಟ್ಟಣದಷ್ಟು ದೊಡ್ಡ ಸೌಂಡ್ ಮಾಡ್ಯೂಲು ತನ್ನೊಳಗಿನ ಸದ್ದನ್ನು ಹಲಗೆಯಡಿಯ ಸ್ಪೀಕರಿಗೆ ಕಳಿಸುತ್ತದೆ. ಕೆಟ್ಟರೆ ಎಲ್ಲಿ ಕೆಟ್ಟಿದೆ ಎಂದು ತಿಳಿಯಲಿ ಎಂದು ಪ್ರತಿಯೊಂದು ಮಾಡ್ಯೂಲಿನಿಂದಲೂ ಒಂದೊಂದು ಕೆಂಪು ದೀಪವನ್ನು ಮೇಲಕ್ಕೆ ಎಳೆದೆ. ಸದ್ದಿನ ಜೊತೆಗೆ ಅದೂ ಹೊತ್ತಿಕೊಳ್ಳುತ್ತಿತ್ತು.

ಮೊದಲು ಗೇಟಿನ ಗಂಟೆ. ಅಣ್ಣ ಹಲಗೆಗೆ ಕಿವಿ ಒತ್ತಿ ಕೇಳಿ ಮುಖ ಸಿಂಡರಿಸಿದ.

"ಏನೇ ಇದು, ಒಡಕು ತಪ್ಪಲೆ ಬಡಿದ ಹಾಗಿದೆ?"

ಬೈದುಕೊಂಡೇ ಬೇರೆ ಗಂಟೆ ಹಾಕಿದೆ. ಆಮೇಲೆ ನಾಯಿ. "ಬೊಗಳ್ತಿದೆಯೋ, ಕೆಮ್ಮು ಹತ್ತಿದೆಯೋ? ಔಷಧಿ ಕುಡಿಸು" ಎಂದ. ಅದನ್ನೂ ಬದಲಾಯಿಸಿದೆ. ಮೂರನೆಯದು ಗ್ಯಾರೇಜಿನ ಸುತ್ತಿಗೆ. ಅದಕ್ಕೆ ಮಾತ್ರ ಮೊದಲ ಸಲವೇ "ಚೆನ್ನಾಗಿದೆ" ಎಂದುಬಿಟ್ಟ. ಹುಟ್ಟಿದಾಗಿನಿಂದ ನನ್ನ ಯಾವ ಕೆಲಸಕ್ಕೂ ಬಾರದ ಹೊಗಳಿಕೆ! ನಾನು ಹಿಗ್ಗಿ ಹೀರೇಕಾಯಿಯಾದೆ. ನನ್ನ ದಡ್ಡತನಕ್ಕೆ ಏನು ಹೇಳಲಿ.

ಕೊನೆಗೆ ಉಳಿದದ್ದು ರೈಲಿನ ಸಿಳ್ಳೆ. ಒಂದು ರಜೆಯ ಮಧ್ಯಾಹ್ನ ಹಲಗೆಯಡಿ ತೂರಿಕೊಂಡು ಬೆಸುಗೆ ಹಾಕಿ, ಎದ್ದು ಬಂದು, ಓಡಿಸು ಎಂದು ಕೈಸನ್ನೆ ಮಾಡಿದೆ. ರೈಲು ಹೊರಟಿತು. ನಿಲ್ದಾಣದ ಹತ್ತಿರ ದೀಪ ಕೆಂಪಗೆ ಹೊತ್ತಿಕೊಂಡಿತು. ಸದ್ದು ಬರಲಿಲ್ಲ. ಬಗ್ಗಿ ನೋಡಿದರೆ ಸ್ಪೀಕರಿನ ತಂತಿ ನೇತಾಡುತ್ತಿದೆ, ಬೆಸೆಯುವುದನ್ನೇ ಮರೆತಿದ್ದೇನೆ. ನಗುತ್ತಾ ಅಣ್ಣನ ಕಡೆ ತಿರುಗಿದೆ.

ಅವನು ಕಣ್ಣರಳಿಸಿ ದೀಪವನ್ನೇ ನೋಡುತ್ತಿದ್ದ. "ಆಹಾ! ಸಿಳ್ಳೆ ಅಂದ್ರೆ ಇದು" ಎಂದ.

ನನ್ನ ನಗು ಅಲ್ಲೇ ನಿಂತಿತು.

"ಸ್ವಲ್ಪ ಕಮ್ಮಿ ಮಾಡು ಮಾರಾಯ್ತಿ. ಪಕ್ಕದ ಮನೆಯವರು ಬಂದು ಬಾಗಿಲು ಬಡಿದ್ರೆ ನೀನೇ ಉತ್ತರ ಕೊಡ್ಬೇಕು."

ಕೋಣೆಯಲ್ಲಿ ಚಕ್ರಗಳ ಗರಗರ ಬಿಟ್ಟರೆ ಬೇರೇನೂ ಕೇಳುತ್ತಿರಲಿಲ್ಲ. ನಾನು ಕೈ ಚಾಚಿ ಸದ್ದು ತಗ್ಗಿಸುವ ಗುಂಡಿಯನ್ನು ಎಡಕ್ಕೆ ತಿರುಗಿಸಿದೆ. ರೈಲು ಇನ್ನೊಂದು ಸುತ್ತು ಬಂತು. ದೀಪ ಹೊತ್ತಿತು.

"ಹಾಂ, ಈಗ ಹದವಾಯ್ತು ನೋಡು" ಎಂದ.

ನಾನು ಮತ್ತೆ ಹಲಗೆಯಡಿ ಹೋದೆ. ಅಳು ಒತ್ತರಿಸಿಕೊಂಡು ಬಂತು. ಬಾಯಿಗೆ ಕೈ ಅಡ್ಡ ಹಿಡಿದೆ, ಆಮೇಲೆ ತೆಗೆದುಬಿಟ್ಟೆ. ಅವನ ಕಾಲು ನನ್ನ ಪಕ್ಕದಲ್ಲೇ ಇತ್ತು, ನಾನು ಬಿಕ್ಕಿ ಬಿಕ್ಕಿ ಅಳುತ್ತಿದ್ದೆ, ಆ ಕಾಲು ಅಲುಗಲಿಲ್ಲ. ಅದನ್ನು ಕಂಡು ಅಳು ಇನ್ನೂ ಜೋರಾಯಿತು.

ಅಡುಗೆಮನೆಯಿಂದ ಅತ್ತಿಗೆ ಓಡಿ ಬಂದು ಬಗ್ಗಿದರು. ನೇತಾಡುವ ತಂತಿಯನ್ನು ನೋಡಿದರು. ಅವರಿಗೆ ಹೇಳಬೇಕಾಗಿ ಬರಲಿಲ್ಲ.

"ನಿಮಗೆ ಗೊತ್ತಿತ್ತಾ?" ಎಂದೆ.

"ನೀನು ಆ ನಾಯಿ ಸದ್ದು ಮುಗಿಸಿದ ಮೇಲೆ ಒಂದು ದಿನ ಬೆಳಿಗ್ಗೆ ಎದ್ದಾಗ ಏನೂ ಕೇಳಿಸ್ಲಿಲ್ಲ ಅವರಿಗೆ. ನಿನಗೆ ಹೇಳೋಕೆ ಹೊರಟೆ, ಬಿಡ್ಲಿಲ್ಲ." ಅತ್ತಿಗೆ ತಂತಿಯ ತುದಿಯನ್ನು ಹಿಡಿದು ನನ್ನ ಕೈಗೆ ಕೊಟ್ಟರು. "ಪಾಪ, ಅಷ್ಟು ಆಸೆಯಿಂದ ಮಾಡ್ತಿದಾಳೆ, ಅವಳು ಮುಗಿಸೋ ತನಕ ನನಗೆ ಕೇಳಿಸ್ತಿರ್ಲಿ ಬಿಡು ಅಂದ್ರು."

ನಾನು ತಂತಿಯನ್ನು ಬೆಸೆದೆ. ಬೆರಳು ಸುಟ್ಟುಕೊಂಡೆ. ರೈಲು ಹಾದಾಗ ಸಿಳ್ಳೆ ಕೂಗಿತು, ಅತ್ತಿಗೆ ಬೆಚ್ಚಿದರು. ತುಂಬಾ ಚೆನ್ನಾಗಿತ್ತು. ಅಣ್ಣನಿಗೂ ತಪ್ಪು ಹುಡುಕಲಾಗದಷ್ಟು ಚೆನ್ನಾಗಿತ್ತು.

ಮುಖ ಒರೆಸಿಕೊಂಡು ಎದ್ದು ಬಂದೆ. ಅಣ್ಣ ನನ್ನ ಕೆಂಪು ಕಣ್ಣನ್ನು ನೋಡಿದ. ಬೆಸುಗೆಯ ಹೊಗೆ ಎಂದು ಕಣ್ಣುಜ್ಜಿ ತೋರಿಸಿದೆ.

"ಅಲ್ಲಿಗೆ ಎಲ್ಲಾ ಮುಗೀತಾ, ಮೆಣಸಿನಕಾಯಿ?" ಎಂದು ಕೇಳಿ, ನನ್ನ ತುಟಿಗಳನ್ನೇ ನೋಡುತ್ತಾ ಕೂತ.

ಕಿಟಕಿಯ ಬೆಳಕು ಮುಖದ ಮೇಲೆ ಬೀಳುವಂತೆ ತಿರುಗಿ ನಿಂತೆ. "ಇಲ್ಲಣ್ಣ" ಎಂದು ಬಿಡಿಸಿ ಬಿಡಿಸಿ ಹೇಳಿದೆ. "ಇನ್ನೂ ತುಂಬಾ ಇದೆ."

"ನಿನ್ನ ಕೆಲಸ ಯಾವತ್ತು ಮುಗಿದಿದೆ ಹೇಳು" ಎಂದು ನಕ್ಕು, ಅವನು ಮತ್ತೆ ರೈಲು ಬಿಟ್ಟ.