ಮೊಳದುದ್ದದ ಲಾರಿಗೆ ಲೈಟು

"ಈ ಲಾರಿಗೆ ಲೈಟು ಹಾಕಿದ ದಿನ, ಮೇಲೆ ಹೋಗ್ತಿದ್ದ ವಿಮಾನ ನಮ್ಮ ಬೀದಿನೇ ರನ್‌ವೇ ಅಂದ್ಕೊಂಡು ಚಕ್ರ ಇಳಿಸಿತ್ತು," ಎಂದ ಓವರ್‌ಲೋಡ್. ಮೊಳದುದ್ದದ ಆಟಿಕೆ ಲಾರಿಯನ್ನು ತೊಡೆಯ ಮೇಲೆ ಮಗುಚಿ ಹಾಕಿಕೊಂಡು, ಚಕ್ರದ ಸಂದಿಯ ಮಣ್ಣನ್ನು ಬೆಂಕಿಕಡ್ಡಿಯಿಂದ ಕೆದಕುತ್ತಿದ್ದ. "ಪೈಲಟ್ ಕಿಟಕಿ ತೆಗೆದು ನನಗೆ ಕೈ ಬೇರೆ ಬೀಸಿದ."

ವಿಮಾನದ ಕಿಟಕಿ ತೆರೆಯುವುದಿಲ್ಲ ಎಂದು ಯಾರೂ ಹೇಳಲಿಲ್ಲ. ಸಾವಿನ ಮನೆ. ಕೈ ಚಾಚಿದರೆ ಸಿಗುವಷ್ಟು ದೂರದಲ್ಲಿ, ಮಂಚದ ಮೇಲೆ, ಅವನ ಹೆಂಡತಿ ಕುತ್ತಿಗೆಯವರೆಗೆ ಬಿಳಿ ಹೊದಿಕೆ ಹೊದ್ದು ಮಲಗಿದ್ದಳು. ಸಂಜೆ ಅವಳನ್ನು ಒಯ್ಯುವ ವಾಹನ ಬರುವುದಿತ್ತು.

ಆ ನಡುಮನೆಯಲ್ಲಿ ಅಂದು ಲೋಕದ ಅರ್ಧ ಜನ ಕೂತಿದ್ದರು. ಉಳಿದರ್ಧ ಬಾಗಿಲಲ್ಲಿ ಚಪ್ಪಲಿ ಹುಡುಕುತ್ತಿತ್ತು. ಇಪ್ಪತ್ತು ಮಂದಿಯೂ ಇರಲಿಲ್ಲ ಎನ್ನುವವರು ಇದ್ದಾರೆ. ಅಂಥವರಿಗೆ ಎಣಿಸುವುದು ಬರುತ್ತದೆ, ನೋಡುವುದು ಬರುವುದಿಲ್ಲ.

ಓವರ್‌ಲೋಡ್ ಎಂಬುದು ಅವನು ಲಾರಿ ಓಡಿಸುತ್ತಿದ್ದ ಡಿಪೋದಲ್ಲಿ ಇಟ್ಟ ಹೆಸರು. ಲಾರಿಗಲ್ಲ, ಅವನ ಮಾತಿಗೆ. ಬ್ರೇಕಿಲ್ಲದ ಲಾರಿಯನ್ನು ಬರೀ ಹಾರ್ನಿನಿಂದ ನಿಲ್ಲಿಸಿದವನು ಅವನು, ಅವನೇ ಹೇಳಿದ್ದಾನೆ. ಆದರೆ ಬೆಳಗಿನಿಂದ ಅವನು ಹೇಳಬೇಕೆಂದುಕೊಂಡದ್ದು ಒಂದೇ ಮಾತು: ಈ ಲೈಟು ಹಾಕಿದವಳು ಅವಳು. ಅವಳು ಬಾಗಿಲು ದಾಟುವ ಮುಂಚೆ, ನಾಲ್ಕು ಜನ ಕೇಳುವ ಹಾಗೆ, ಅಷ್ಟನ್ನು ಹೇಳಿಬಿಡಬೇಕು. ಹೇಳಲೆಂದು ಬಾಯಿ ತೆರೆದಾಗಲೆಲ್ಲ ವಿಮಾನ ಬರುತ್ತಿತ್ತು.

"ಅಪ್ಪ, ಸಾಕು," ಎಂದಳು ಮಗಳು. "ಬೆಳಗ್ಗೆಯಿಂದ ನಿನ್ನ ಕತೆನೇ ಆಯ್ತು. ಅಮ್ಮನ ಬಗ್ಗೆ ಯಾರಾದ್ರೂ ಏನಾದ್ರೂ ಹೇಳಿ."

ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ಪಕ್ಕದ ಮನೆಯ ಪೋಸ್ಟ್‌ಮ್ಯಾನ್ ಕೊನೆಗೆ ಗಂಟಲು ಸರಿಮಾಡಿಕೊಂಡ.

"ಚಹಾ ತುಂಬ ಚೆನ್ನಾಗಿ ಮಾಡ್ತಿದ್ರು."

"ಹೌದು ಹೌದು, ಚಹಾ," ಎಂದರು ನಾಲ್ಕಾರು ಜನ, ಬದುಕಿದೆಯಾ ಬಡಜೀವವೇ ಎಂಬಂತೆ.

ಓವರ್‌ಲೋಡ್‌ನ ಬೆಂಕಿಕಡ್ಡಿ ನಿಂತಿತು. ಇಡೀ ಒಂದು ಜೀವ, ಕಡೆಗೆ ಉಳಿದದ್ದು ಚಹಾ. ತಲೆಯೆತ್ತಿದ. "ನೋಡಿ, ಅವಳು..." ಎಂದ. ಎಲ್ಲರೂ ಅವನತ್ತ ತಿರುಗಿದರು. ತಿರುಗಿದ ಮುಖಗಳನ್ನು ಕಂಡದ್ದೇ ತಡ, ಹಾಳು ನಾಲಿಗೆ ತನ್ನ ದಾರಿ ಹಿಡಿಯಿತು. "ಅವಳ ಚಹಾ ಕುಡಿದು ಒಬ್ಬ ಮಂತ್ರಿ ಕೊಟ್ಟ ರಾಜೀನಾಮೆ ವಾಪಸ್ ತಗೊಂಡಿದ್ದ."

ಮಗಳು ಎದ್ದು ಒಳಗೆ ಹೋದಳು.

* * *

ಕೆಲಸ ಬಿಟ್ಟ ದಿನ ಡಿಪೋದವರು ಕೊಟ್ಟ ಉಡುಗೊರೆ ಆ ಲಾರಿ. ಅವನು ಓಡಿಸುತ್ತಿದ್ದ ಲಾರಿಯದೇ ಹಸಿರು, ಅದೇ ಉದ್ದ ಮೂತಿ, ಜೊತೆಗೊಂದು ರಿಮೋಟು. ಬೇಕೆಂದೇ ಕೆಲಸ ಬಿಟ್ಟೆ ಎಂದು ಅವನು ಎಲ್ಲರಿಗೂ ಹೇಳಿದ. ಬೆಳಕು ಇಳಿಯುತ್ತಿದ್ದಂತೆ ಅವನ ಕಣ್ಣು ಮಬ್ಬಾಗುತ್ತದೆ, ಇನ್ನು ಸ್ಟೇರಿಂಗ್ ಮುಟ್ಟಬಾರದು ಎಂದು ಕಣ್ಣಿನ ಡಾಕ್ಟರು ಹೇಳಿದ್ದನ್ನು ಯಾರಿಗೂ ಹೇಳಲಿಲ್ಲ. ಹೆಂಡತಿಗೂ.

ಒಳಗೆ ಕೂತು ಘಟ್ಟ ಹತ್ತಿಸಿದವನಿಗೆ ಹೊರಗೆ ನಿಂತು ಓಡಿಸುವುದು ಬಗೆಹರಿಯಲಿಲ್ಲ. ಲಾರಿ ದೂರ ಹೋಗುವಾಗ ಅದರ ಎಡ ಅವನಿಗೂ ಎಡವೇ. ತಿರುಗಿ ಅವನ ಕಡೆ ಬರತೊಡಗಿತೋ, ಎಲ್ಲ ಉಲ್ಟಾ. ಎಡಕ್ಕೆ ಒತ್ತಿದರೆ ಅವನ ಬಲಕ್ಕೆ ನುಗ್ಗುತ್ತದೆ. ಹಗಲಲ್ಲಿ ಹೇಗೋ ನಿಭಾಯಿಸುತ್ತಿದ್ದ. ಸಂಜೆ ಮಾತ್ರ ಅದು ಬರುತ್ತಿದೆಯೋ ಹೋಗುತ್ತಿದೆಯೋ ತಿಳಿಯದೆ ಅಂಗಳದ ಹೂಕುಂಡಗಳಿಗೆ ಗುದ್ದಿಸುತ್ತಿದ್ದ.

ಅವಳು ಪೊರಕೆ ಹಿಡಿದು ಬಂದು ಚೂರು ಗುಡಿಸುತ್ತ ಕೇಳಿದಳು. "ಹಗಲು ಒಂದು ಕುಂಡನೂ ಒಡೆಯಲ್ಲ. ಸಂಜೆಯಾದ್ರೆ ಒಂದೂ ಉಳಿಯಲ್ಲ. ಯಾಕ್ರೀ?"

"ಕುಂಡಗಳೇ ಅಡ್ಡ ಬರ್ತವೆ."

"ಹೌದಾ. ಪಾಪ, ತಣ್ಣಗಾದ ಮೇಲೆ ಅವೂ ವಾಕಿಂಗ್ ಹೊರಡ್ತವೇನೋ."

ಅಷ್ಟು ಹೇಳಿ ಅವಳು ಅವನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದಳು. ಕಣ್ಣಿನ ಮಾತು ಎತ್ತಲಿಲ್ಲ. ಆಮೇಲೂ ಎಂದೂ ಎತ್ತಲಿಲ್ಲ. "ಲೈಟಿಲ್ಲದ ಗಾಡಿನ ಕತ್ತಲಾಗೋ ಹೊತ್ತಿಗೆ ಹೊರಗೆ ತೆಗೆಯೋದು ತಪ್ಪಲ್ವಾ? ನೀವು ಡ್ರೈವರು, ನಿಮಗೇ ಗೊತ್ತಿರಬೇಕು," ಎಂದಳು.

ಮರುದಿನ ಊಟದ ಮೇಜಿನ ಮೇಲೆ ಹಳೇ ಪೇಪರು ಹಾಸಿ ಲಾರಿಯ ಹೊಟ್ಟೆ ಬಿಚ್ಚಿದಳು. ಟೆಲಿಫೋನ್ ಎಕ್ಸ್‌ಚೇಂಜಿನ ವೈರುಗಳ ನಡುವೆ ಪ್ರಾಯ ಕಳೆದವಳು ಅವಳು. ಸಾವಿರಾರು ವೈರುಗಳನ್ನು ಜಡೆಯ ಹಾಗೆ ಒಟ್ಟು ಮಾಡಿ, ಮೇಣ ಹಚ್ಚಿದ ನೂಲಿನಿಂದ ಗೇಣಿಗೊಂದು ಗಂಟು ಹಾಕುವುದು ಅವಳ ಕೆಲಸವಾಗಿತ್ತು. ಕಾಯಿಸಿದ ಸೂಜಿಯಿಂದ ಮೂತಿಯಲ್ಲಿ ಎರಡು ತೂತು ಕೊರೆದು ಬಿಳಿ ಬಲ್ಬು ಕೂರಿಸಿದಳು, ಹಿಂದೆ ಎರಡು ಕೆಂಪು. ಲಾರಿಯ ಬ್ಯಾಟರಿಗೆ ನೇರವಾಗಿ ಮುಟ್ಟಿಸಿದ್ದಕ್ಕೆ ಮೊದಲ ಬಲ್ಬು ಟಪ್ಪೆಂದು ಸತ್ತಿತು. "ಇದಕ್ಕೂ ನಿಮ್ಮ ಹಾಗೇ ಬ್ರೇಕ್ ಬೇಕು," ಎಂದು, ನಡುವೆ ಕರೆಂಟು ತಡೆಯುವ ಅಕ್ಕಿಕಾಳಿನಂಥದೊಂದನ್ನು ಬೆಸೆದಳು. ಅವನು ಟಾರ್ಚು ಹಿಡಿದು ನಿಂತಿದ್ದ.

"ಇಲ್ಲಿ ಹಿಡೀರಿ. ಇಲ್ಲಿ. ಅದು ನನ್ನ ಕಿವಿ."

ಕೆಲಸ ಮುಗಿದ ಸಂಜೆ ರಿಮೋಟನ್ನು ಅವನ ಕೈಗಿಟ್ಟಳು. "ಕೆಂಪು ಕಂಡ್ರೆ ಹೋಗ್ತಿದೆ, ಕೈ ನೇರ. ಬಿಳಿ ಕಂಡ್ರೆ ಬರ್ತಿದೆ, ಕೈ ಉಲ್ಟಾ. ಅಷ್ಟೇ."

ಅಂದು ಒಂದು ಕುಂಡವೂ ಒಡೆಯಲಿಲ್ಲ. ಪೋಸ್ಟ್‌ಮ್ಯಾನ್ ಬೇಲಿಯಾಚೆ ಸೈಕಲ್ ನಿಲ್ಲಿಸಿ, "ಭಲೇ, ಲೈಟು ಹಾಕಿದ್ದು ಯಾರು?" ಎಂದ.

"ಇನ್ಯಾರು, ನಾನೇ," ಎಂದಿತು ನಾಲಿಗೆ.

ಚಹಾದ ಲೋಟಗಳನ್ನು ಹಿಡಿದು ಅವಳು ಅಲ್ಲೇ ನಿಂತಿದ್ದಳು.

"ಅವರೇ ಹಾಕಿದ್ದು," ಎಂದಳು ಅವಳು, ಮುಖದ ಒಂದು ಗೆರೆಯೂ ಅಲುಗದಂತೆ. "ನಾನು ಟಾರ್ಚ್ ಹಿಡ್ಕೊಂಡಿದ್ದೆ."

* * *

ಬೆಳಕು ಇಳಿಯುತ್ತಿದ್ದಾಗ ಎಕ್ಸ್‌ಚೇಂಜಿನ ಗೆಳತಿ ಬಂದಳು. ಸತ್ತವಳ ಪಕ್ಕದಲ್ಲೇ ಕೂತು ಅಷ್ಟು ವರ್ಷ ಗಂಟು ಹಾಕಿದವಳು. ಹೊದಿಕೆಯಡಿ ಕೈ ತೂರಿಸಿ ಗೆಳತಿಯ ಬೆರಳುಗಳನ್ನು ಹಿಡಿದು ಸುಮ್ಮನೆ ಅತ್ತಳು. ಮಗಳು ಬಂದು ಅವಳ ಭುಜಕ್ಕೆ ಒರಗಿ ಕೂತಳು. ವಾಹನ ಗೇಟಿಗೆ ಬಂದು ನಿಂತಿತು.

ಇನ್ನು ಹೊತ್ತಿಲ್ಲ. ಮಾತಿನಲ್ಲಂತೂ ಆಗದು, ಲೈಟನ್ನಾದರೂ ಹಚ್ಚಿ ತೋರಿಸೋಣ ಎಂದುಕೊಂಡು ಓವರ್‌ಲೋಡ್ ಲಾರಿಯ ಸ್ವಿಚ್ಚು ಒತ್ತಿದ. ಹೊತ್ತಲಿಲ್ಲ. ಮತ್ತೆ ಒತ್ತಿದ. ಮಣ್ಣು ಕೆದಕುವಾಗ ಒಳಗೆಲ್ಲೋ ವೈರು ಕಳಚಿರಬೇಕು.

"ಪೈಲಟ್‌ಗೆ ಹೇಳಿ ಕಳಿಸೋಣ್ವಾ?" ಎಂದ ಪೋಸ್ಟ್‌ಮ್ಯಾನ್ ಮೆಲ್ಲಗೆ.

"ನೀವೇ ಹಾಕಿದ್ದಲ್ವಾ ಭಾವ, ಬಿಚ್ಚಿ ನೋಡಿ," ಎಂದಳು ಗೆಳತಿ, ಮೂಗೊರೆಸಿಕೊಳ್ಳುತ್ತ.

ಓವರ್‌ಲೋಡ್ ಲಾರಿಯನ್ನು ಹಾಗೆ ತಿರುಗಿಸಿದ, ಹೀಗೆ ತಿರುಗಿಸಿದ. ಎಲ್ಲಿ ಬಿಚ್ಚಬೇಕೆಂದೇ ತಿಳಿಯಲಿಲ್ಲ. ಕಡೆಗೆ ಗೆಳತಿಯೇ ಇಸಿದುಕೊಂಡು, ಪರ್ಸಿನಿಂದ ಒಂದು ನಾಣ್ಯ ತೆಗೆದು, ತಳದ ತಿರುಪು ತಿರುಗಿಸಿ, ಹಸಿರು ಕವಚವನ್ನು ಮೇಲೆತ್ತಿದಳು.

ಎತ್ತಿದವಳು ಹಾಗೇ ಉಳಿದಳು.

ಒಳಗಿನ ನಾಲ್ಕೆಳೆ ವೈರು ಜಡೆಯ ಹಾಗೆ ಒಟ್ಟಾಗಿ ಹೋಗಿತ್ತು. ಉದ್ದಕ್ಕೂ ಮೇಣದ ನೂಲು. ಒಂದೇ ಅಂತರದಲ್ಲಿ, ಜೀರಿಗೆಯಷ್ಟು ಸಣ್ಣ ಗಂಟುಗಳು.

"ಈ ಗಂಟು ನಿಮ್ಮದಾ, ಭಾವ?"

ಅಷ್ಟೂ ಮುಖಗಳು ಅವನತ್ತ ತಿರುಗಿದವು. ನಾಲಿಗೆ ತನ್ನ ದಾರಿ ಹುಡುಕಿತು. ಎಲ್ಲೂ ದಾರಿ ಇರಲಿಲ್ಲ. ಸಿಕ್ಕಿಬಿದ್ದವನಿಗೆ ಇಷ್ಟು ನೆಮ್ಮದಿಯಾಗುತ್ತದೆಂದು ಅವನಿಗೆ ಗೊತ್ತೇ ಇರಲಿಲ್ಲ.

"ಅಲ್ಲ," ಎಂದ. "ಅವಳದು. ಲೈಟು ಹಾಕಿದ್ದು ಅವಳು. ನಾನು ಟಾರ್ಚ್ ಹಿಡ್ಕೊಂಡಿದ್ದೆ. ಅದನ್ನೂ ಅವಳ ಕಿವಿಗೆ." ಮಗಳತ್ತ ತಿರುಗಿದ. "ಸಂಜೆಯಾದ್ರೆ ನನಗೆ ಕಣ್ಣು ಕಾಣಲ್ಲ. ಯಾರಿಗೂ ಹೇಳಿರ್ಲಿಲ್ಲ. ಅವಳಿಗೂ ಹೇಳಿರ್ಲಿಲ್ಲ. ಕೇಳದೇನೇ ತಿಳ್ಕೊಂಡ್ಳು. ಲಾರಿ ಎಲ್ಲಿದೆ ಅಂತ ನನಗೆ ಗೊತ್ತಾಗ್ಲಿ ಅಂತ ಹಾಕಿದ್ದು. ಆಮೇಲೆ ಯಾರಾದ್ರೂ ಕೇಳಿದ್ರೆ, ಇವರೇ ಹಾಕಿದ್ದು ಅಂತಿದ್ಳು. ನನ್ನ ಇಷ್ಟು ವರ್ಷದ ಸಂಜೆಗಳೆಲ್ಲ ಅವಳು ಹಾಕಿಕೊಟ್ಟಿದ್ದು."

ಗೆಳತಿ ಕಳಚಿದ ಎಳೆಯನ್ನು ಉಗುರಿನಿಂದ ಒತ್ತಿ ಕೂರಿಸಿದಳು. ಲೈಟು ಹೊತ್ತಿತು. "ನಮ್ಮಲ್ಲಿ ಇವಳ ಗಂಟೇ ಗಟ್ಟಿ. ಯಾವತ್ತೂ ಬಿಚ್ಚಿದ್ದಿಲ್ಲ," ಎಂದಳು, ಮಗಳಿಗೆ ಕೇಳುವಂತೆ. ಮಗಳು ಬಗ್ಗಿ ಆ ಗಂಟುಗಳನ್ನು ಒಂದೊಂದಾಗಿ ಬೆರಳಿನಿಂದ ಮುಟ್ಟಿದಳು.

"ಹಾಗಾದ್ರೆ ಆ ವಿಮಾನ?" ಎಂದ ಪೋಸ್ಟ್‌ಮ್ಯಾನ್. ಅವನ ದನಿಯಲ್ಲಿ ತಮಾಷೆ ಇರಲಿಲ್ಲ. ಅದೊಂದಾದರೂ ನಿಜವಿರಲಿ ಎಂಬ ಆಸೆಯಿತ್ತು.

"ವಿಮಾನನೂ ಸುಳ್ಳು. ಇದರ ಬೆಳಕು ಗೇಟಿನವರೆಗೂ ಮುಟ್ಟಲ್ಲ," ಎಂದ ಓವರ್‌ಲೋಡ್. "ನನಗೆ ಕಾಣೋಷ್ಟಿತ್ತು."

* * *

ಅವಳನ್ನು ಎತ್ತಿಕೊಂಡು ಅಂಗಳಕ್ಕಿಳಿದರು. ಅವರಿಗಿಂತ ಮುಂದೆ ಲಾರಿ ಹೊರಟಿತು. ಓವರ್‌ಲೋಡ್ ಬಾಗಿಲಲ್ಲಿ ರಿಮೋಟು ಹಿಡಿದು ನಿಂತಿದ್ದ. ಮಗಳು ಅವನ ತೋಳು ಹಿಡಿದಿದ್ದಳು. ಅವನಿಗೆ ಜನ ಕಾಣಲಿಲ್ಲ, ಕುಂಡಗಳು ಕಾಣಲಿಲ್ಲ. ಎರಡು ಕೆಂಪು ಚುಕ್ಕೆ ಕಂಡವು. ಕೈ ನೇರ.

ಗೇಟಿನ ಬಳಿ ಅವಕ್ಕಿಂತ ದೊಡ್ಡ ಎರಡು ಕೆಂಪು ಕಾದಿದ್ದವು. ಅವಳನ್ನು ವಾಹನದೊಳಗೆ ಇಟ್ಟ ಸದ್ದು, ಬಾಗಿಲು ಹಾಕಿದ ಸದ್ದು ಕೇಳಿಸಿತು. ಅವನ ಹೆಬ್ಬೆರಳು ರಿಮೋಟಿನ ಕಡ್ಡಿಯನ್ನು ಪೂರ್ತಿ ಎಡಕ್ಕೆ ಒತ್ತಿತು. ಪುಟ್ಟ ಕೆಂಪು ಎರಡೂ ಸುತ್ತು ಹಾಕಿ ಬಿಳಿಯಾದವು. ಯಾವ ಕುಂಡಕ್ಕೂ ತಾಗದೆ, ಒಂದೇ ಗೆರೆಯಲ್ಲಿ ಬಂದು ಅವನ ಪಾದದ ಬಳಿ ನಿಂತವು.

ಹೆಬ್ಬೆರಳು ಕಡ್ಡಿಯನ್ನು ಬಿಡಲಿಲ್ಲ. ಗೇಟಿನಾಚೆಯ ಆ ದೊಡ್ಡ ಕೆಂಪು ಎರಡನ್ನೇ ನೋಡುತ್ತ, ಅವೂ ಬಿಳಿಯಾಗಲೆಂದು ಅವನು ಇನ್ನೊಮ್ಮೆ ಎಡಕ್ಕೆ ಒತ್ತಿದ.