ಬಿಸಿಲು ಬಂದ ಮೇಲೆ ಕಾಫಿ

ಹಾರ್ಲನ್ ಕಾಫಿ ಯಂತ್ರದ ಗುಂಡಿ ಒತ್ತಿದ್ದೇ ತಡ, ಅವನಿಗೆ ಮನೆಯೂ ಆಗಿದ್ದ ಆ ಬಸ್ಸಿನ ದೀಪ ಮಂಕಾಯಿತು, ಬ್ಯಾಟರಿಯ ಪೆಟ್ಟಿಗೆ ಕುಂಯ್ ಎಂದು ಅರಚಿತು, ಎಲ್ಲ ಆರಿಹೋಯಿತು. ಹೊರಗೆ ಮಡಿಸುವ ಕುರ್ಚಿಗಳಲ್ಲಿ ಕೂತಿದ್ದ ಹನ್ನೆರಡು ಜನ ಗೊಳ್ಳೆಂದು ನಕ್ಕರು. ಅವನ ಹೆಂಡತಿ ಲಿಯೋಟಾಳ ಬೂದಿಯನ್ನು ಅರಿಜೋನಾದ ಮರಳಿಗೆ ಚೆಲ್ಲಲು ಬಂದವರು ನಗಬಾರದಿತ್ತು. ಆದರೆ ಅವರೂ ಹೀಗೇ ಬಸ್ಸುಗಳಲ್ಲಿ ಬದುಕುವವರು; ಛಾವಣಿಯ ಸೌರಫಲಕಕ್ಕೆ ಬಿಸಿಲು ತಾಗುವ ಮುಂಚೆ ಬ್ಯಾಟರಿಯಲ್ಲಿ ಕಾಫಿ ಕಾಯಿಸುವುದು ಅವರ ಪಾಲಿಗೆ ಮಹಾಪರಾಧ.

ಹಾರ್ಲನ್ ಇಲ್ಲಿ ಹನ್ನೊಂದು ಚಳಿಗಾಲ ಕಳೆದಿದ್ದ. ಬ್ಯಾಟರಿ ಮಾತ್ರ ಲಿಯೋಟಾಳ ರಾಜ್ಯ. ಅವನು ಮುಟ್ಟಿದರೆ ಬೈಗುಳ ಖಾತರಿ.

ಮಗಳು ಜನೆಲ್ ಅವನನ್ನು ಒಳಗೆ ಕೂರಿಸಿಕೊಂಡಳು. "ಒಂದು ದೀಪ ಉಳಿಸ್ಕೊಳ್ಳೋಕೆ ಬರಲ್ಲ, ಒಬ್ನೇ ಹೇಗಿರ್ತೀಯಪ್ಪಾ? ಸಂಜೆ ನನ್ ಜೊತೆ ಫೀನಿಕ್ಸ್‌ಗೆ ಬಾ. ಇದನ್ನ ಮಾರಿಬಿಡೋಣ."

ಹಾರ್ಲನ್ ಕಾಫಿ ಯಂತ್ರದ ಗುಂಡಿಯನ್ನು ಮತ್ತೊಮ್ಮೆ ಒತ್ತಿ ನೋಡಿದ. ಈ ಬಸ್ಸು ಬಿಟ್ಟು ಬದುಕುವುದು ಅವನಿಗೆ ಬೇಕಿರಲಿಲ್ಲ. ಅಷ್ಟರಲ್ಲಿ ಪಕ್ಕದ ಬಸ್ಸಿನ ಮುದುಕ ವರ್ಡೆಲ್ ಗ್ಯಾಸಿನಲ್ಲಿ ಕಾಯಿಸಿದ ಕಾಫಿ ಹಿಡಿದು ಬಂದು, ಇನ್ನು ಮುಚ್ಚಿಟ್ಟೇನು ಪ್ರಯೋಜನ ಎಂದು ಹಳೆಯ ಗುಟ್ಟೊಂದನ್ನು ಬಿಚ್ಚಿದ.

*

ಗಂಡ ಹೆಂಡತಿಗೆ ಅದು ಇಲ್ಲಿ ಮೊದಲ ಚಳಿಗಾಲ. ಮೂರು ದಿನ ಮೋಡವಿದ್ದರೂ ಲಿಯೋಟಾ ವಿದ್ಯುತ್ ಒಲೆಯಲ್ಲೇ ಅಡುಗೆ ಮಾಡಿ, ಹೊಸ ಬ್ಯಾಟರಿಗಳನ್ನು ಪೂರ್ತಿ ಹೀರಿ ಕೊಂದಿದ್ದಳು. ಗಂಡನಿಗೆ ಹೇಳಲು ನಾಚಿ ವರ್ಡೆಲ್‌ನ ಬಾಗಿಲಲ್ಲಿ ಅತ್ತಳು. ಬ್ಯಾಟರಿ ಅರ್ಧಕ್ಕಿಂತ ಕೆಳಗಿಳಿಯಲು ಬಿಡಬೇಡ, ಫಲಕದ ಧೂಳು ಒರೆಸು, ಸೂರ್ಯ ತಿರುಗಿದತ್ತ ಅದನ್ನೂ ಓರೆ ಮಾಡು ಎಂದು ಅವನು ವಾರವಿಡೀ ಪಾಠ ಹೇಳಿದ. ಮಾರಿದವನೇ ಹಳೇ ಬ್ಯಾಟರಿ ಕೊಟ್ಟು ಮೋಸ ಮಾಡಿದ ಎಂದು ಅವಳು ಹಾರ್ಲನ್‌ನನ್ನು ನಂಬಿಸಿದಳು.

*

"ನಾನು ಆ ಅಂಗಡಿಯವನ ಜೊತೆ ಜಗಳ ಮಾಡಿ ಬಂದಿದ್ದೆ ಕಣೋ," ಎಂದು ಹಾರ್ಲನ್ ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಅವಳ ಮೇಲೆ ಅವನಿಗೆ ಹೊಸದಾಗಿ ಪ್ರೀತಿ ಉಕ್ಕಿತು. "ಹಾಗಾದ್ರೆ ನಂಗೂ ಒಂದು ವಾರ ಪಾಠ ಹೇಳು."

ಬೂದಿ ಚೆಲ್ಲಿದ ಮೇಲೆ, ಶೋಕದ ಕಪ್ಪು ಕೋಟಿನಲ್ಲೇ ಅವನು ಛಾವಣಿ ಹತ್ತಿ ಫಲಕ ಒರೆಸಿದ. ಕೆಳಗಿನಿಂದ ಹನ್ನೆರಡು ಜನ ಹನ್ನೆರಡು ಥರ ಸಲಹೆ ಕೊಟ್ಟರು.

ಸಂಜೆ ಹೊರಡುವ ಮುನ್ನ ಜನೆಲ್ ಉಳಿದ ಊಟ ಬಿಸಿಮಾಡಲು ಮೈಕ್ರೋವೇವ್ ತೆರೆದಳು. ಹಾರ್ಲನ್ ಅದನ್ನು ದಢಾರೆಂದು ಮುಚ್ಚಿದ.

"ಸೂರ್ಯ ಮುಳುಗಿದ್ದು ಕಾಣ್ಲಿಲ್ವಾ? ಗ್ಯಾಸ್ ಒಲೆ ಹಚ್ಚು."

ಥೇಟ್ ಅಮ್ಮನ ಬೈಗುಳ. ಜನೆಲ್ ಮೈಕ್ರೋವೇವ್ ಬಿಟ್ಟು ಒಲೆ ಹಚ್ಚಿದಳು.

ಅವಳ ಕಾರು ಫೀನಿಕ್ಸ್ ಕಡೆ ತಿರುಗಿದಾಗ, ಅಪ್ಪನಿಗಾಗಿ ಖಾಲಿ ಬಿಟ್ಟಿದ್ದ ಸೀಟಿನಲ್ಲಿ ನೆರೆಯವರು ಕಟ್ಟಿಕೊಟ್ಟ ಎರಡು ಸೇಬಿನ ಸಿಹಿ ಪೈಗಳು ಬೆಲ್ಟು ಬಿಗಿದುಕೊಂಡು ಕೂತಿದ್ದವು.