ಸೂರಪ್ಪನ ಹಲಗೆ ಮನೆ

ಗೋಡೆಯ ಕೊನೆಯ ನಟ್ಟು ಜಪ್ಪಯ್ಯ ಅಂದರೂ ತಿರುಗಲಿಲ್ಲ. ಜಿಲಾನ್ ಬಾಷಾ ಸ್ಪಾನರಿಗೆ ಜೋತುಬಿದ್ದು, "ನಿನ್ನ ಗಂಡ ಹೊರಡೋಕೆ ಒಪ್ತಾ ಇಲ್ಲ ಕಾಟಮ್ಮಕ್ಕ" ಅಂದ.

"ಎಣ್ಣೆ ಬಿಡು. ಎಣ್ಣೇಲಿ ಬೋಂಡ ಬೇಯೋ ವಾಸನೆ ಬರದೆ ನಮ್ಮೋನು ಎಂದೂ ಎದ್ದೋನಲ್ಲ."

ಹೆಣದ ಸುತ್ತ ಕೂತಿದ್ದ ಹೆಂಗಸರು ಅಳುವುದು ಬಿಟ್ಟು ಸೆರಗು ಬಾಯಿಗಿಟ್ಟು ನಕ್ಕರು. ಎಂಬತ್ತು ದಾಟಿದ ಸೂರಪ್ಪ ಬೆಳಿಗ್ಗೆ ಟೀ ಕುಡಿದು, ಲೋಟ ವಾಪಸು ಕೊಟ್ಟು, ಮತ್ತೆ ಮಲಗಿ, ಹಾಗೇ ಹೋಗಿದ್ದ. ಅಂಥ ಸಾವಿಗೆ ನನ್ನಿವಾಳದಲ್ಲಿ ಬಹಳ ಹೊತ್ತು ಯಾರೂ ಅಳುವುದಿಲ್ಲ. ಆದರೆ ಹೋದ ಗಳಿಗೆ ಕೆಟ್ಟ ನಕ್ಷತ್ರದ್ದು. ಹೆಣವನ್ನು ಬಾಗಿಲಿಂದ ತರಬಾರದು, ಗೋಡೆ ತೆಗೆದು ತರಬೇಕು ಎಂದಿದ್ದ ಊರಿನ ಹಿರಿಯ ದೊಡ್ಡೀರಪ್ಪ. ಹಲಗೆ ಮನೆಯ ಗೋಡೆ ಬಿಚ್ಚಲು ಅದನ್ನು ಕಟ್ಟಿದ ಬಾಷಾನನ್ನೇ ಚಳ್ಳಕೆರೆಯಿಂದ ಕರೆಸಿದ್ದರು.

ಕೊನೆಗೂ ಹಲಗೆ ಕಳಚಿತು. ದೊಡ್ಡೀರಪ್ಪ ಗಂಟಲು ಸರಿಮಾಡಿಕೊಂಡ.

"ಇನ್ನೊಂದು ಐತೆ. ಮೂರು ತಿಂಗಳು ಈ ಮನೆ ಬಿಡಬೇಕು."

"ಊರೊಳಗೆ ನಮ್ಮನೆ ಐತಲ್ಲವ್ವ, ಬಾ" ಎಂದ ಮಗ ಓಬಳೇಶ್. ದನಿಯಲ್ಲಿ ಪ್ರೀತಿಯೇ ಇತ್ತು.

ಗಂಡ ಹೋದಾಗ ಬಾರದ ದಿಗಿಲು ಕಾಟಮ್ಮನಿಗೆ ಈಗ ಬಂತು. ಮೂರು ತಿಂಗಳಿಗೆಂದು ಹೋದರೆ ಮುಗಿಯಿತು, ಮತ್ತೆ ಬರುವುದಿಲ್ಲ. ಸೂರಪ್ಪ ಇಲ್ಲಿಗೂ ಮೂರು ತಿಂಗಳಿಗೆಂದೇ ಬಂದದ್ದು.

*

ಓಬಳೇಶನ ಮದುವೆಯಾದ ವರ್ಷ ಅದು. ಕಡಲೆಕಾಯಿಗೆ ಹಂದಿ ಕಾಟ. ಹೊಲ ಕಾಯಲು ಹೊರಟ ಸೂರಪ್ಪನಿಗೆ ಬಾಷಾ ಗುಜರಿ ಲಾರಿಯ ಹಲಗೆಗಳನ್ನೇ ಗೋಡೆ, ನೆಲ ಮಾಡಿ, ತಗಡು ಹೊದಿಸಿ, ಕಲ್ಲುಗಳ ಮೇಲೆ ಕೂರಿಸಿಕೊಟ್ಟ. 'ಹಾರನ್ ಮಾಡಿ' ಎಂಬ ಬರಹ ಹಾಗೇ ಉಳಿಯಿತು. ಬಂದವರು ಬಾಗಿಲು ಬಡಿಯುತ್ತಿರಲಿಲ್ಲ, ಪೀಂ ಪೀಂ ಅನ್ನುತ್ತಿದ್ದರು.

ಊಟ ತಂದ ಕಾಟಮ್ಮ ಒಂದು ರಾತ್ರಿ ಉಳಿದಳು. ಬೆಳಿಗ್ಗೆ ಎದ್ದರೆ ಹಲಗೆ ಸಂದಿಯ ಬಿಸಿಲು ಗಂಡನ ಹೊಟ್ಟೆಯ ಮೇಲೆ ಗೆರೆಗೆರೆಯಾಗಿ ಬಿದ್ದಿತ್ತು.

"ಹುಲಿ ಹಂಗೆ ಕಾಣ್ತೀಯ."

"ಹುಲಿಗೆ ಟೀ ಕೊಡ್ತೀಯೋ ಇಲ್ವೋ?"

ಸುಗ್ಗಿ ಮುಗಿಯಿತು, ಹಂದಿ ಹೋದವು, ಇವರು ಹೋಗಲಿಲ್ಲ. ಬೇಸಿಗೆಯಲ್ಲಿ ತಗಡು ಕಾದರೆ ಬೇವಿನ ಕೆಳಗೆ ಮಲಗಿದರು. ಚಳಿಗೆ ಸಂದಿಗಳಿಗೆ ಗೋಣಿ ತುರುಕಿದರು. ಆಷಾಢದ ಗಾಳಿಗೆ ಮನೆ ಕಿರುಗುಟ್ಟಿದರೆ ಸೂರಪ್ಪ, "ಲಾರಿ ಮೊಳಕಾಲ್ಮೂರು ದಾಟ್ತು ನೋಡೇ" ಅನ್ನುತ್ತಿದ್ದ.

*

"ದೊಡ್ಡೀರಪ್ಪಣ್ಣ, ದೋಷ ಹಲಗೆಗೋ, ಜಾಗಕ್ಕೋ?" ಕಾಟಮ್ಮ ಕೇಳಿದಳು.

ದೊಡ್ಡೀರಪ್ಪನನ್ನು ಇದುವರೆಗೆ ಯಾರೂ ಹಾಗೆ ಕೇಳಿರಲಿಲ್ಲ. "ಜಾಗಕ್ಕೇ ಅಲ್ವೇನವ್ವ. ಪ್ರಾಣ ಹೋದ ಜಾಗ."

"ಹಂಗಾದ್ರೆ ಜಾಗ ಬಿಡ್ತೀನಿ. ಹೆಗಲು ಕೊಡೋಕೆ ಊರೇ ಬಂದೈತೆ. ಅವನಿಗೆ ನಾಲ್ಕು ಜನ ಸಾಕು. ಉಳಿದೋರು ಮನೆ ಹೊತ್ತು ಅತ್ಲಾಗಿಡ್ರಿ."

"ಅವ್ವ, ಜನ ಏನಂತಾರೆ?" ಎಂದ ಓಬಳೇಶ್.

"ಜನ ಎಲ್ಲಾ ಇಲ್ಲೇ ಐತಲ್ಲೋ, ಕೇಳು" ಎಂದ ಬಾಷಾ.

ಜನ ದೊಡ್ಡೀರಪ್ಪನ ಮುಖ ನೋಡಿತು. ದೊಡ್ಡೀರಪ್ಪ ಆಕಾಶ ನೋಡಿದ, ಮನೆ ನೋಡಿದ. "ಬೇವಿನ ಆಚೆಗಾದ್ರೆ ನಡೀತೈತೆ" ಎಂದಾಗ ಮೀಸೆಯಡಿ ನಗು ಇತ್ತು.

ಹೊಲದ ಅಂಚಿನಲ್ಲಿ ಸೂರಪ್ಪನನ್ನು ಮಣ್ಣು ಮಾಡಿ, ಮಿಂದು ಬಂದ ಗಂಡಸರು ಒದ್ದೆ ಪಂಚೆಯಲ್ಲೇ ಮನೆಯ ಕೆಳಗೆ ಬೊಂಬು ತೂರಿಸಿದರು. ಬಾಷಾ ಗೋಡೆಯನ್ನು ಮತ್ತೆ ಬಿಗಿದಿದ್ದ. ಮುಂದಿನ ಬೊಂಬಿಗೆ ಹೆಗಲು ಕೊಟ್ಟವನು ಓಬಳೇಶ್.

"ಯಾವ ಕಡೆ ಮುಖ ಮಾಡ್ಲವ್ವ?"

ಕಾಟಮ್ಮ ಮಗನ ಬೆನ್ನು ಸವರಿದಳು. "ಮೂಡ್ಲಿಗೆ ಇರ್ಲಿ ಕಣಪ್ಪ."

"ರೈಟ್, ರೈಟ್" ಎಂದು ಬಾಷಾ ಹಲಗೆ ತಟ್ಟಿದ. ಮನೆ ಮೇಲೆದ್ದು, ತೊನೆದಾಡುತ್ತ, ಬೇವು ದಾಟಿ ಇಳಿಯಿತು.

ಇಷ್ಟು ವರ್ಷ ಬೆಳಕು ಕಾಣದ ನೆಲಕ್ಕೆ ಬಿಸಿಲು ಬಿತ್ತು. ಸೂರಪ್ಪ ತಲೆಯಿಟ್ಟು ಮಲಗುತ್ತಿದ್ದ ಮೂಲೆಯ ಅಡಿಯಲ್ಲಿ ಹುತ್ತದ ಹಾಗೆ ಬೀಡಿ ತುಂಡುಗಳ ಗುಡ್ಡೆ. ಡಾಕ್ಟರು ಬೈದ ಮೇಲೆ, ಹೆಂಡತಿಯ ತಲೆ ಮುಟ್ಟಿ, ಬಿಟ್ಟೆ ಎಂದು ಆಣೆಯಿಟ್ಟಿದ್ದವನು ಕದ್ದು ಸೇದಿ, ತುಂಡುಗಳನ್ನು ನೆಲದ ಹಲಗೆ ಸಂದಿಯಲ್ಲಿ ಕೆಳಗೆ ಬಿಟ್ಟಿದ್ದ. ಬಾಷಾ ಮೆಲ್ಲಗೆ ಕಾಲಿನಿಂದ ಮಣ್ಣೆಳೆಯಲು ಹೋದ.

"ಮುಚ್ಚಬೇಡ. ತಂದುಕೊಡ್ತಿದ್ದೋನು ನೀನೇ ಅಲ್ವಾ?"

ಕಾಟಮ್ಮ ಒಂದು ಕೈ ತಲೆಯ ಮೇಲಿಟ್ಟುಕೊಂಡು ಕುಕ್ಕರಗಾಲಲ್ಲಿ ಕೂತಳು. ನಗುವಿಗೆ ಮೈಯೆಲ್ಲ ಕುಲುಕುತ್ತಿತ್ತು. ಗುಡ್ಡೆಯ ಮೇಲಿನ ತುಂಡೊಂದನ್ನು ಎತ್ತಿ ಮೂಸಿದಳು. ತುದಿಯ ಬೆಳಗಿನ ಬೂದಿ ಇನ್ನೂ ಉದುರಿರಲಿಲ್ಲ.